ಗಾಯಗೊಂಡ ಪ್ರಾಣಿಯ ಜಾಡು, ಹೊಡೆಯಬಾರದ ಗುಂಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳ ಜಿಲ್ಲೆಯ ರೈತ. ನಮ್ಮೂರು ಗಂಗಾವತಿಯಿಂದ ಕನಕಗಿರಿ ಕಡೆಗಿದೆ. ಹೊಲದ ಒಂದು ಮಗ್ಗುಲಿಗೆ ಬಂಡೆಗಲ್ಲಿನ ಗುಡ್ಡ, ಇನ್ನೊಂದು ಮಗ್ಗುಲಿಗೆ ಹಳ್ಳ. ಗುಡ್ಡದಲ್ಲಿ ಕರಡಿ, ಚಿರತೆ ಇವೆ. ಹಳ್ಳದ ಬಳ್ಳಾರಿ ಜಾಲಿಯೊಳಗೆ ಹಂದಿ ಹಿಂಡು ಹಗಲು ಕಳೆಯುತ್ತದೆ. ಜಾಡು ನೋಡುವುದನ್ನು ನನಗೆ ಕಲಿಸಿದವನು ಅಜ್ಜ. ಈಗ ಸುತ್ತಲಿನ ಊರುಗಳಲ್ಲಿ ಗಾಯಗೊಂಡ ಪ್ರಾಣಿ ಕಂಡರೆ ಜನ ನನಗೂ ಒಂದು ಫೋನ್ ಮಾಡುತ್ತಾರೆ. ಅರಣ್ಯ ಇಲಾಖೆಯವರು ಬರುವ ತನಕ ಜನರನ್ನು ದೂರ ನಿಲ್ಲಿಸುವುದು, ಪ್ರಾಣಿ ಎತ್ತ ಹೋಯಿತು ಅಂತ ತೋರಿಸುವುದು, ಇಷ್ಟೇ ನನ್ನ ಕೆಲಸ. ಹಾಗೆ ನಿಂತಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ನನ್ನ ಅಕ್ಕನ ಮಗ ಸ್ವೀಡನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಬೇಟೆಯ ಪರೀಕ್ಷೆ ಪಾಸು ಮಾಡಿದ್ದಾನೆ. ಅವನು ಫೋನಿನಲ್ಲಿ ಕೇಳಿದ್ದು, ಹೇಳಿದ್ದು ಕೂಡ ಇದರಲ್ಲಿ ಸೇರಿದೆ.

ನಮ್ಮ ಕಡೆ ಶಿಕಾರಿ ಮಾಡಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಮೊದಮೊದಲು ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಕೊಡುವ ಪದ್ಧತಿ ಇತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. 2022ರಲ್ಲಿ ಕಾಯ್ದೆ ಮತ್ತೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಭಾಗದ ಚಿಗರಿ (ಕೃಷ್ಣಮೃಗ), ಕರಡಿ, ಚಿರತೆ, ತೋಳ ಎಲ್ಲ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಇವುಗಳನ್ನು ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಗಾಯ ಮಾಡುವುದು, ಉರುಲು ಹಾಕುವುದು, ವಿಷ ಇಡುವುದು, ಹೊಡೆಯುವುದಕ್ಕಾಗಿ ಅಟ್ಟಿಸಿಕೊಂಡು ಹೋಗುವುದು, ಇದಕ್ಕೆಲ್ಲ ಪ್ರಯತ್ನ ಪಡುವುದು, ಎಲ್ಲವೂ ಬೇಟೆಯೇ. 'ಗುರಿ ತಪ್ಪಿತು, ಅದು ಸಾಯಲಿಲ್ಲ, ಓಡಿಹೋಯ್ತು' ಅಂದರೆ ತಪ್ಪು ಕಡಿಮೆ ಆಗುವುದಿಲ್ಲ. ಕಾನೂನು ಇಲ್ಲಿ ಸರಿಯಾಗಿದೆ ಅಂತ ನನ್ನ ಭಾವನೆ. ಗಾಯ ಹೊತ್ತು ಓಡಿಹೋದ ಪ್ರಾಣಿಯ ಪಾಡು ಸತ್ತದ್ದಕ್ಕಿಂತ ಕೆಟ್ಟದ್ದು.

ಯುಗಾದಿ ಬೇಟೆ ನಮ್ಮ ಹಿರಿಯರಿಂದ ಬಂದ ಪದ್ಧತಿ ಅಲ್ವಾ? ಒಂದು ದಿನ ಮೊಲ ಹೊಡೆದರೆ ಏನಾಗುತ್ತೆ?

ಪದ್ಧತಿ ಹಳೆಯದು ಹೌದು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ಸಾಲು ಸಾಲು ಕೆತ್ತನೆಗಳಿವೆ. ಆದರೆ ಮೊಲವೂ ಕಾಯ್ದೆಯ ಪಟ್ಟಿಯಲ್ಲಿದೆ. ಹಬ್ಬಕ್ಕೆ ಅಂತ ವಿನಾಯಿತಿ ಇಲ್ಲ. ಜೊತೆಗೆ ಅಂಥ ದಿನ ನೂರಾರು ಜನ ಬಡಿಗೆ, ನಾಯಿ ಹಿಡಿದು ನುಗ್ಗುತ್ತಾರೆ. ಎಷ್ಟು ಮೊಲ ಕಾಲು ಮುರಿದುಕೊಂಡು ಕಳ್ಳಿ ಸಾಲಿನಲ್ಲಿ ಉಳಿದವು ಅಂತ ಸಂಜೆ ಯಾರೂ ಹಿಂದಿರುಗಿ ನೋಡುವುದಿಲ್ಲ. ನಾನು ನೋಡಿದ್ದೇನೆ. ಅದಕ್ಕೇ ಈ ಮಾತು.

ಹಂದಿ ಕಾಟ ತಡೆಯೋಕಾಗ್ತಿಲ್ಲ. ಬೆಳೆ ಉಳಿಸಿಕೊಳ್ಳೋಕೆ ದಾರಿ ಯಾವುದು?

ಈ ಸಂಕಟ ನನಗೂ ಗೊತ್ತು. ಒಂದೇ ರಾತ್ರಿಗೆ ಅರ್ಧ ಎಕರೆ ಶೇಂಗಾ ಕಿತ್ತು ಮಗುಚಿ ಹಾಕಿದ್ದನ್ನು ಬೆಳಿಗ್ಗೆ ನೋಡುತ್ತಾ ನಿಂತಿದ್ದೇನೆ. ಮೆಕ್ಕೆಜೋಳ ಹಾಲು ತುಂಬುವ ಹೊತ್ತಿಗೆ ನಿದ್ದೆ ಇರುವುದಿಲ್ಲ.

ಕಾಯ್ದೆಯ 11ನೇ ಕಲಂನಲ್ಲಿ ಒಂದು ದಾರಿ ಇದೆ. ಎರಡನೇ ಪಟ್ಟಿಯ ಪ್ರಾಣಿ ಮನುಷ್ಯರ ಜೀವಕ್ಕೋ, ನಿಂತ ಬೆಳೆಗೋ ಅಪಾಯ ಆದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಅದು ಕೈಗೆ ಬರುವ ತನಕ ಒಂದು ಗುಂಡನ್ನೂ ಹಾರಿಸುವ ಹಾಗಿಲ್ಲ. ಬಂದೂಕಿನ ಲೈಸೆನ್ಸೇ ಬೇರೆ, ಪ್ರಾಣಿಯ ಮೇಲೆ ಹಾರಿಸುವ ಅನುಮತಿಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಸಿಗುತ್ತದೆ. ಆ ಕಾಗದ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ.

ಬೆಳೆ ಹಾನಿ ಆದರೆ ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ತಡ ಮಾಡಬೇಡಿ. ಹಂದಿ ಬಂದ ಹೆಜ್ಜೆ ಅಳಿಸಿಹೋಗುವ ಮುಂಚೆ ಪಂಚನಾಮೆ ಆಗಬೇಕು. ಬೇಲಿಗೆ ಸೋಲಾರ್ ಹಾಕಿಸಿದರೆ ಅದು ಬಿಟ್ಟು ಬಿಟ್ಟು ಸಣ್ಣ ಶಾಕ್ ಕೊಡುತ್ತದೆ, ಪ್ರಾಣಿ ಹೆದರಿ ತಿರುಗುತ್ತದೆ. ಕಂಬದಿಂದ ನೇರವಾಗಿ ತಂತಿ ಎಳೆದು ಕರೆಂಟ್ ಬಿಡುವುದು ಮಾತ್ರ ಬೇಡವೇ ಬೇಡ. ಅದು ಅಪರಾಧ. ಬೆಳಗಿನ ಜಾವ ನೀರು ಕಟ್ಟಲು ಹೋದ ಪಕ್ಕದ ಹೊಲದವನೇ ಸಾಯುತ್ತಾನೆ.

ಬೇಟೆಯೇ ಇಲ್ಲ ಅಂದಮೇಲೆ ಈ ಜಾಡಿನ ವಿದ್ಯೆ ಯಾಕೆ ಬೇಕು?

ಗಾಯಗಳು ನಿಂತಿಲ್ಲ, ಅದಕ್ಕೆ. ಉರುಲು, ಸಿಡಿಮದ್ದು, ಲಾರಿ, ಊರ ನಾಯಿ, ಅಲ್ಲೊಂದು ಇಲ್ಲೊಂದು ಕಳ್ಳಬೇಟೆ. ಗಾಯಗೊಂಡ ಪ್ರಾಣಿ ಎಲ್ಲಿ ಅಡಗಿದೆ ಅಂತ ತಿಳಿಯದಿದ್ದರೆ ಡಾಕ್ಟರು ಬಂದರೂ ಉಪಯೋಗ ಇಲ್ಲ. ಎಲ್ಲಿದೆ ಅಂತ ತಿಳಿಯದೆ ಕಾಲಿಟ್ಟರೆ ನಮ್ಮ ಜೀವಕ್ಕೇ ಕುತ್ತು.

ಅಜ್ಜನ ಒಂದು ಸಂಗತಿ ಹೇಳಬೇಕು. ಕಾಯ್ದೆ ಬರುವುದಕ್ಕೆ ಮುಂಚಿನ ಮಾತು. ಸಂಜೆ ಮಬ್ಬಿನಲ್ಲಿ ಜೋಳದ ಹೊಲದಲ್ಲಿ ಒಂದು ಹಂದಿಗೆ ಗುಂಡು ಹಾಕಿದ. ಹಂದಿ ಬೀಳಲಿಲ್ಲ. ಬೆನ್ನು ಬಾಗಿಸಿ, ಓಡದೆ, ನಡೆದುಕೊಂಡೇ ಹೋಯಿತು. ಜೊತೆಗಿದ್ದವರು ಪಂಜು ಹಚ್ಚಿ ಕೂಗುತ್ತಾ ಬೆನ್ನು ಹತ್ತಿದರು. ಕತ್ತಲಾಯಿತು, ಸಿಗಲಿಲ್ಲ, ಮನೆಗೆ ಬಂದರು. ಮೂರನೇ ದಿನ ಹದ್ದು ಸುತ್ತುವುದನ್ನು ನೋಡಿ ಹೋದಾಗ ಹಳ್ಳದ ಕೆಸರಿನಲ್ಲಿ ಸತ್ತು ಬಿದ್ದಿತ್ತು. ಅಜ್ಜ ಅಲ್ಲಿಂದ ಜಾಡನ್ನು ಹಿಂದಕ್ಕೆ ಓದುತ್ತಾ ಬಂದ. ಗುಂಡು ಬಿದ್ದ ಜಾಗದಿಂದ ನಲವತ್ತು ಹೆಜ್ಜೆಯಲ್ಲೇ ಅದು ಒಮ್ಮೆ ಮಲಗಿತ್ತು. ಹುಲ್ಲು ಚಪ್ಪಟೆ ಆಗಿತ್ತು, ರಕ್ತ ಅಂಟಿತ್ತು. ಅಂದರೆ ಇವರು ಸುಮ್ನೆ ಕೂತಿದ್ದರೆ ಅದು ಅಲ್ಲೇ ಪ್ರಾಣ ಬಿಡುತ್ತಿತ್ತು. ಇವರ ಕೂಗಾಟಕ್ಕೆ ಎದ್ದು, ಹೊಟ್ಟೆಯ ಗಾಯ ಹೊತ್ತುಕೊಂಡು ನೀರು ಹುಡುಕುತ್ತಾ ಹೋಗಿ, ಎಷ್ಟೋ ಹೊತ್ತು ನರಳಿ ಸತ್ತಿತು. 'ಗುಂಡು ಹಾಕಿದವನು ನಾನು, ಅದನ್ನು ಹುಡುಕದೆ ಉಂಡು ಮಲಗಿದವನೂ ನಾನೇ' ಅಂತ ಅಜ್ಜ ಸಾಯುವ ತನಕ ಹೇಳುತ್ತಿದ್ದ. ನಾನು ಕಲಿತ ಜಾಡಿನ ಪಾಠ ಶುರುವಾಗುವುದೇ ಆ ನಲವತ್ತು ಹೆಜ್ಜೆಯಿಂದ.

ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ 'ಸರಿಯಾದ ಗುಂಡು' ಅಂತ ಯಾವುದಕ್ಕೆ ಹೇಳ್ತಾರೆ?

ಬೇಗ ಸಾಯಿಸುವುದಕ್ಕೆ. ಅದಕ್ಕೆ ಗುರಿ ಇಡುವ ಜಾಗ ಎದೆಗೂಡು, ಅಂದರೆ ಶ್ವಾಸಕೋಶ ಮತ್ತು ಹೃದಯ. ಪ್ರಾಣಿ ಪೂರ್ತಿ ಮಗ್ಗುಲು ಕೊಟ್ಟು ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ಹೆಗಲ ಹಿಂದೆ, ಮೈಯ ಕೆಳಭಾಗದಲ್ಲಿ ಬಿದ್ದ ಗುಂಡು ಎರಡೂ ಶ್ವಾಸಕೋಶ ಹಾದುಹೋಗುತ್ತದೆ. ಆಗಲೂ ಪ್ರಾಣಿ ನಿಂತಲ್ಲೇ ಬೀಳುತ್ತದೆ ಅಂತಿಲ್ಲ. ನೂರು ಮೀಟರ್ ಓಡಿ ಬೀಳಬಹುದು. ಓಡಿತು ಅಂದ ಕೂಡಲೇ ಗುರಿ ತಪ್ಪಿತು ಅಂತ ತಿಳಿದು ಬಿಟ್ಟು ಬರುವವರಿಂದಲೇ ಬಹಳ ಪ್ರಾಣಿಗಳು ಸುಮ್ನೆ ಕೊಳೆಯುತ್ತವೆ.

ಹಂದಿಯ ಮೈ ಬೇರೆ ಥರ. ಅದರ ಹೃದಯ, ಶ್ವಾಸಕೋಶ ಜಿಂಕೆಗಿಂತ ಮುಂದಕ್ಕೆ, ಕೆಳಕ್ಕೆ, ಮುಂಗಾಲುಗಳ ನಡುವೆ ಇವೆ. ಜಿಂಕೆ ಹೊಡೆದು ರೂಢಿ ಇದ್ದವನು ಹಂದಿಗೆ ಅದೇ ಜಾಗ ನೋಡಿದರೆ ಗುಂಡು ಹೊಟ್ಟೆಗೆ ಹೋಗುತ್ತದೆ.

ತಲೆಗೆ ಹೊಡೆದರೆ ಕ್ಷಣದಲ್ಲಿ ಸಾಯುತ್ತದೆ ಅಂತ ಹುಡುಗರು ವಾದ ಮಾಡುತ್ತಾರೆ. ಮೆದುಳು ಬಹಳ ಚಿಕ್ಕದು, ತಲೆ ಯಾವಾಗಲೂ ಅಲ್ಲಾಡುತ್ತದೆ. ನಾಲ್ಕು ಬೆರಳು ತಪ್ಪಿದರೆ ದವಡೆ ಪುಡಿ. ದವಡೆ ಹೋದ ಪ್ರಾಣಿ ತಿನ್ನಲಾರದು, ಕುಡಿಯಲಾರದು. ದಿನಗಟ್ಟಲೆ ಬದುಕಿ ಹಸಿವಿನಿಂದ ಸಾಯುತ್ತದೆ. ಇಂಥ ಸಾವು ಇನ್ನೊಂದಿಲ್ಲ.

ಯಾವಾಗ ಹೊಡೆಯಲೇಬಾರದು?

ಓಡುವಾಗ. ಎದುರು ಬರುವಾಗ. ಬೆನ್ನು ತೋರಿಸಿ ಹೋಗುವಾಗ. ಹಿಂಡಿನಲ್ಲಿ ಒಂದರ ಹಿಂದೆ ಒಂದು ನಿಂತಾಗ. ಪ್ರಾಣಿಯ ಹಿಂದೆ ಏನಿದೆ ಅಂತ ಕಾಣದಾಗ. ಜಾಡು ನೋಡಲು ಬೆಳಕು ಉಳಿಯುವುದಿಲ್ಲ ಅನ್ನುವಷ್ಟು ಕತ್ತಲಾದಾಗ. ಹಿಂಬಾಲಿಸಲು ಆಗದ ಜಾಗಕ್ಕೆ ಅದು ಓಡಿಹೋಗಬಹುದು ಅನಿಸಿದಾಗ.

ನಮ್ಮ ಬಳ್ಳಾರಿ, ಕೊಪ್ಪಳದ ಬಂಡೆಗುಡ್ಡಗಳಲ್ಲಿ ಇನ್ನೊಂದು ಅಪಾಯ ಇದೆ. ಕಲ್ಲಿಗೆ ಬಡಿದ ಗುಂಡು ಎತ್ತ ಸಿಡಿಯುತ್ತದೆ ಅಂತ ಹೇಳಲಾಗದು. ಕುರಿ ಕಾಯುವವರು ಬಂಡೆ ನೆರಳಲ್ಲಿ ಕೂತಿರುತ್ತಾರೆ.

ಚರೆ, ಅಂದರೆ ಸಣ್ಣ ಸಣ್ಣ ಗುಂಡು, ತುಂಬಿದ ಬಂದೂಕಿನಿಂದ ದೂರಕ್ಕೆ ಹೊಡೆಯುವುದೂ ಅಷ್ಟೇ ತಪ್ಪು. ದೂರ ಹೋದಷ್ಟೂ ಚರೆ ಚದುರುತ್ತದೆ, ಬಲ ಕಳೆದುಕೊಳ್ಳುತ್ತದೆ. ನಾಲ್ಕೈದು ಚರೆ ಮೈಯಲ್ಲಿ ಹೊತ್ತು ಪ್ರಾಣಿ ಹೋಗುತ್ತದೆ, ಒಂದೂ ಆಳಕ್ಕೆ ಇಳಿದಿರುವುದಿಲ್ಲ.

ನನ್ನ ಅಕ್ಕನ ಮಗ ಮೊದಲ ವರ್ಷ ಕೇಳಿದ. 'ಮಾಮಾ, ಇಡೀ ದಿನ ಚಳಿಯಲ್ಲಿ ಕೂತೆ. ಕೊನೆಗೆ ಒಂದು ಬಂತು, ಆದರೆ ಅಡ್ಡ ಗಿಡ ಇತ್ತು. ಹೊಡೆಯಲಿಲ್ಲ. ತಪ್ಪು ಮಾಡಿದ್ನಾ?' ಆವತ್ತು ಅವನು ಬೇಟೆ ಕಲಿತ ಅಂತ ನನಗೆ ಅನಿಸಿತು. ಅವನಿಗೂ ಹಾಗೇ ಹೇಳಿದೆ.

ಗುಂಡು ಬಿದ್ದ ತಕ್ಷಣ ಏನು ಮಾಡಬೇಕು?

ಅಲ್ಲಾಡಬಾರದು. ನೋಡಬೇಕು, ಕೇಳಬೇಕು. ಪ್ರಾಣಿ ಮುಂದಕ್ಕೆ ಹಾರಿ, ಮೈ ತಗ್ಗಿಸಿ ಓಡಿದರೆ ಬಹುತೇಕ ಎದೆ. ಬೆನ್ನು ಗೂನು ಮಾಡಿ ನಿಧಾನ ಹೋದರೆ ಹೊಟ್ಟೆ. ಕಾಲು ಮಡಚಿ ಮುಗ್ಗರಿಸಿ ಎದ್ದು ಓಡಿದರೆ ಕಾಲು. ಕೊನೆಗೆ ಯಾವ ಗಿಡದ ಹತ್ತಿರ ಮರೆಯಾಯಿತು ಅಂತ ಕಣ್ಣಲ್ಲಿ ಗುರುತು ಇಟ್ಟುಕೊಳ್ಳಬೇಕು. ನಿಂತ ಜಾಗ ಬಿಟ್ಟ ಮೇಲೆ ಎಲ್ಲ ಗಿಡವೂ ಒಂದೇ ಥರ ಕಾಣುತ್ತವೆ, ಹಾಗಾಗಿ ನಾವು ನಿಂತಲ್ಲೂ ಒಂದು ಬಟ್ಟೆ ಕಟ್ಟಬೇಕು. ಜರ್ಮನಿಯಲ್ಲಿ ಗುಂಡು ಬಿದ್ದ ಜಾಗದಲ್ಲಿ ಮುರಿದ ರೆಂಬೆ ಇಟ್ಟು ಗುರುತು ಮಾಡುವ ಹಳೆಯ ಪದ್ಧತಿ ಇದೆ. ಪ್ರಾಣಿ ಸಿಕ್ಕಿದ ಮೇಲೆ ಅದರ ಬಾಯಲ್ಲಿ ಒಂದು ಹಸಿರು ರೆಂಬೆ ಇಡುತ್ತಾರೆ, ಕೊನೆಯ ತುತ್ತು ಅಂತ.

ರಕ್ತ ನೋಡಿ ಏನೇನು ತಿಳಿಯುತ್ತೆ?

ಇದು ಕಲಿಯಲು ಬಹಳ ಇದೆ. ಕರಡಿಯನ್ನು ಬದುಕಿಸಲು ಹುಡುಕುವವನಿಗೂ ಇದೇ ಲೆಕ್ಕ.

ತಿಳಿಗೆಂಪು, ನೊರೆ ನೊರೆಯಾಗಿದ್ದರೆ ಶ್ವಾಸಕೋಶ. ಗಾಳಿ ಬೆರೆತದ್ದಕ್ಕೆ ಆ ಗುಳ್ಳೆ. ಗಾಢ ಕೆಂಪು, ಕಂದು ಕಡೆಗೆ ತಿರುಗಿದ್ದರೆ ಈಲಿ, ಅಂದರೆ ಲಿವರ್. ನೀರು ನೀರಾಗಿ, ಹಸಿರು ಹುಲ್ಲಿನ ಚೂರು ಬೆರೆತು, ಮೂಗಿಗೆ ಸಗಣಿಯ ವಾಸನೆ ಬಂದರೆ ಹೊಟ್ಟೆ ಇಲ್ಲವೇ ಕರುಳು. ಕಡುಗೆಂಪು, ಗುಳ್ಳೆ ಇಲ್ಲ, ಮೊದಲು ಜಾಸ್ತಿ ಇದ್ದು ಬೇಗ ಕಡಿಮೆ ಆಗುತ್ತಾ ಹೋದರೆ ಮಾಂಸಖಂಡದ ಗಾಯ. ಬಿಳಿ ಮೂಳೆ ಚೂರು ಸಿಕ್ಕರೆ ಕಾಲು ಮುರಿದಿರಬಹುದು.

ಬಣ್ಣಕ್ಕಿಂತ ಮುಖ್ಯ ರಕ್ತ ಇರುವ ಎತ್ತರ. ಜೋಳದ ದಂಟಿನ ಮೇಲೆ ಮೊಣಕಾಲಿನ ಎತ್ತರಕ್ಕೆ ಸವರಿದ್ದರೆ ಗಾಯ ಮೈಯಲ್ಲಿದೆ. ನೆಲದಲ್ಲಿ ಮಾತ್ರ, ಅದೂ ಹೆಜ್ಜೆಯ ಒಳಗೇ ಇದ್ದರೆ ಕಾಲಿನ ಗಾಯ. ದಾರಿಯ ಎರಡೂ ಬದಿ ರಕ್ತ ಇದ್ದರೆ ಗುಂಡು ಮೈ ದಾಟಿ ಹೋಗಿದೆ. ನೆಲದ ಹನಿಯನ್ನು ಹತ್ತಿರದಿಂದ ನೋಡಿ. ನಿಂತ ಪ್ರಾಣಿಯ ಹನಿ ದುಂಡಗೆ ಬೀಳುತ್ತದೆ. ಓಡುವ ಪ್ರಾಣಿಯ ಹನಿಗೆ ಬೆರಳಿನ ಹಾಗೆ ಚಾಚು ಇರುತ್ತದೆ, ಆ ಬೆರಳು ಹೋದ ದಿಕ್ಕನ್ನೇ ತೋರಿಸುತ್ತದೆ.

ಹಂದಿಯ ವಿಷಯದಲ್ಲಿ ರಕ್ತವನ್ನು ಪೂರ್ತಿ ನಂಬಬೇಡಿ. ಅದರ ಕೊಬ್ಬು ಗಾಯದ ಬಾಯಿ ಮುಚ್ಚಿಬಿಡುತ್ತದೆ. ಒಳಗೆ ರಕ್ತ ತುಂಬಿದ್ದರೂ ಹೊರಗೆ ನಾಲ್ಕು ಹನಿ ಬೀಳುವುದಿಲ್ಲ.

ಎಷ್ಟು ಹೊತ್ತು ಕಾಯಬೇಕು? ನಮ್ಮ ಬಿಸಿಲಿನಲ್ಲಿ ಕಾದರೆ ಕೆಡೋದಿಲ್ವಾ?

ಪರದೇಶದ ಬೇಟೆಗಾರರ ಲೆಕ್ಕ ಹೀಗಿದೆ. ಶ್ವಾಸಕೋಶ ಆದರೆ ಅರ್ಧದಿಂದ ಒಂದು ಗಂಟೆ. ಈಲಿಗೆ ಮೂರು ನಾಲ್ಕು ಗಂಟೆ. ಹೊಟ್ಟೆಗೆ ಎಂಟು ಹನ್ನೆರಡು ಗಂಟೆ. ಹೆದರಿಸದಿದ್ದರೆ ಗಾಯಗೊಂಡದ್ದು ಹತ್ತಿರದಲ್ಲೇ ಮಲಗುತ್ತದೆ. ಮೈ ಬಿಗಿಯುತ್ತದೆ, ಏಳುವ ಶಕ್ತಿ ಹೋಗುತ್ತದೆ. ಬೇಗ ಹೋಗಿ ಎಬ್ಬಿಸಿದರೆ ಮೈಲಿಗಟ್ಟಲೆ ನಡೆಯುತ್ತದೆ, ರಕ್ತವೂ ನಿಂತುಹೋಗುತ್ತದೆ. ಅಜ್ಜನ ಹಂದಿಗೆ ಆದದ್ದು ಇದೇ.

ಈ ಲೆಕ್ಕ ಚಳಿ ದೇಶದ್ದು. ರಾಯಚೂರಿನ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಂಸದ ಆಸೆ ಇದ್ದವನು ಅಷ್ಟು ಹೊತ್ತು ಕಾಯುವುದಿಲ್ಲ, ನುಗ್ಗುತ್ತಾನೆ. ಬಿಸಿ ದೇಶದಲ್ಲಿ ಹೊಟ್ಟೆಗೆ ಬಿದ್ದ ಗುಂಡು ಎರಡು ಪಟ್ಟು ಕೆಟ್ಟದ್ದು ಅಂತ ನಾನು ಹೇಳುವುದು ಇದಕ್ಕೇ. ಕಾದರೂ ನಷ್ಟ, ಕಾಯದಿದ್ದರೂ ನಷ್ಟ.

ಬದುಕಿಸಲು ಹುಡುಕುವಾಗ ಲೆಕ್ಕ ತಿರುಗುಮುರುಗು. ತಡ ಆದಷ್ಟೂ ಪ್ರಾಣಿ ಸೋಲುತ್ತದೆ. ಆದರೂ ಗುಂಪು ಕಟ್ಟಿಕೊಂಡು ಹೋಗಿ ಎಬ್ಬಿಸಬಾರದು. ಮಲಗಿದ ಜಾಗ ದೂರದಿಂದ ಕಂಡುಕೊಂಡು, ಅಲ್ಲೇ ನಿಂತು, ಇಲಾಖೆಯವರನ್ನೂ ಡಾಕ್ಟರನ್ನೂ ಅಲ್ಲಿಗೇ ಕರೆಸಬೇಕು.

ರಕ್ತ ನಿಂತುಹೋಯ್ತು. ಮುಂದೆ?

ಕೊನೆಯ ಹನಿಯ ಮೇಲೆ ಗುರುತು ಇಡಿ. ಜಾಡಿನ ಮೇಲೆ ಕಾಲಿಡಬೇಡಿ, ಪಕ್ಕದಲ್ಲಿ ನಡೆಯಿರಿ. ಒಬ್ಬ ಕೊನೆಯ ಗುರುತಿನಲ್ಲಿ ನಿಲ್ಲಲಿ, ಇನ್ನೊಬ್ಬ ಅರ್ಧ ಸುತ್ತು ಹಾಕಿ ಮುಂದಿನದನ್ನು ಹುಡುಕಲಿ. ಹಿಂದಿರುಗಿ ನೋಡಿದರೆ ಗುರುತುಗಳು ಒಂದು ಗೆರೆ ಆಗಿ ಕಾಣುತ್ತವೆ, ಆ ಗೆರೆ ಎತ್ತ ತಿರುಗುತ್ತಿದೆ ಅಂತ ತಿಳಿಯುತ್ತದೆ. ಇರುವೆ, ನೊಣ ಗುಂಪು ಕೂತ ಎಲೆ ಇದ್ದರೆ ಬಗ್ಗಿ ನೋಡಿ, ನಮ್ಮ ಕಣ್ಣಿಗೆ ಕಾಣದ ರಕ್ತ ಅವಕ್ಕೆ ಗೊತ್ತಾಗುತ್ತದೆ. ಕೆಂಪು ಚುಕ್ಕೆ ರಕ್ತವೋ ಎಲೆಯ ಕಲೆಯೋ ಅಂತ ಅನುಮಾನ ಬಂದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಹಾಕಿ. ರಕ್ತ ಆದರೆ ನೊರೆ ಬರುತ್ತದೆ.

ರಕ್ತ ಇಲ್ಲದಿದ್ದರೆ ಹೆಜ್ಜೆ ಹಿಡಿಯಬೇಕು. ಚಿಗರಿಯ ಗೊರಸು ಸಪೂರ, ಮುಂದೆ ಚೂಪು. ಹಂದಿಯದು ಅಗಲ, ಮೆತ್ತಗಿನ ನೆಲದಲ್ಲಿ ಹಿಂದೆ ಎರಡು ಸಣ್ಣ ಗುರುತು ಹೊರಗೆ ಚಾಚಿರುತ್ತವೆ. ಕರಡಿಯ ಹಿಂಗಾಲು ಮನುಷ್ಯನ ಪಾದದ ಹಾಗೇ ಇದೆ, ಮುಂದೆ ಉದ್ದ ಉಗುರಿನ ಗೆರೆ. ಒಂದು ಕಾಲಿಗೆ ಪೆಟ್ಟಾಗಿದ್ದರೆ ಉಳಿದ ಕಾಲುಗಳ ಹೆಜ್ಜೆ ಆಳ ಇಳಿಯುತ್ತದೆ, ಪೆಟ್ಟಾದದ್ದು ಎಳೆದ ಗೆರೆ ಬಿಡುತ್ತದೆ. ಒಂದು ಕೋಲಿನ ಮೇಲೆ ಹೆಜ್ಜೆಯಿಂದ ಹೆಜ್ಜೆಗೆ ಇರುವ ಅಂತರ ಗುರುತು ಮಾಡಿಕೊಳ್ಳಿ. ಮುಂದಿನ ಹೆಜ್ಜೆ ಎಲ್ಲಿರಬೇಕು ಅಂತ ಆ ಕೋಲೇ ಹೇಳುತ್ತದೆ.

ಎರೆ ಹೊಲ, ಮಸಾರಿ ಹೊಲ, ಎಲ್ಲಿ ಜಾಡು ಸುಲಭ?

ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಆದರೆ ರಕ್ತ ಒಣಗಿದ ಮೇಲೆ ಮಣ್ಣಿನ ಬಣ್ಣಕ್ಕೇ ತಿರುಗಿ ಮಾಯ ಆಗುತ್ತದೆ. ಯಲಬುರ್ಗಾ, ಕುಕನೂರು ಕಡೆಯ ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮಳೆ ಬಿದ್ದ ಮರುದಿನ ಹೆಜ್ಜೆ ಅಚ್ಚು ಹಾಕಿದ ಹಾಗೆ ಇರುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಬಿರುಕು ಬಿಟ್ಟು ರಕ್ತವನ್ನೆಲ್ಲ ನುಂಗಿಬಿಡುತ್ತದೆ. ಬೆಳಿಗ್ಗೆ ಮಂಜಿನ ಹನಿ ಇರುವಾಗ ಕಡಲೆ ಹೊಲದಲ್ಲಿ ಪ್ರಾಣಿ ಹಾದ ದಾರಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಬಿಸಿಲು ಏರಿದರೆ ಹೋಯಿತು. ಹಾಗಾಗಿ ಸೂರ್ಯ ನಮ್ಮ ಎದುರಿಗೆ, ಕೆಳಗೆ ಇರುವಾಗಲೇ ಹೊರಡಬೇಕು.

ಮುಧೋಳ ನಾಯಿ ಇದ್ದರೆ ಜಾಡು ಹಿಡಿಯುತ್ತಾ?

ಮುಧೋಳ ನಾಯಿ ಕಣ್ಣಿನಿಂದ ನೋಡಿ ಓಡಿ ಹಿಡಿಯುವ ತಳಿ. ವೇಗ ಅದರ ಬಲ. ಹಳೆಯ ರಕ್ತದ ವಾಸನೆ ಹಿಡಿದು ನಿಧಾನಕ್ಕೆ ಹೋಗುವ ಕೆಲಸ ಅದರದ್ದಲ್ಲ. ಅದಕ್ಕೆ ಮೂಗಿನ ನಾಯಿ ಬೇಕು. ಜರ್ಮನಿಯ ಹ್ಯಾನೋವರ್ ಹೌಂಡ್‌ನಂಥ ತಳಿಗಳನ್ನು ಇದಕ್ಕಾಗಿಯೇ ಬೆಳೆಸಿದ್ದಾರೆ. ಅಲ್ಲಿನ ಒಂದು ಪರೀಕ್ಷೆಯಲ್ಲಿ ಕಾಲು ಲೀಟರ್ ರಕ್ತದಿಂದ 1,000 ಮೀಟರ್ ಜಾಡು ಹಾಕಿ, 20 ಗಂಟೆ ಬಿಟ್ಟು, ಆಮೇಲೆ ನಾಯಿಯನ್ನು ಬಿಡುತ್ತಾರೆ.

ಸ್ವೀಡನ್‌ನಲ್ಲಿ ಜಿಂಕೆ ಜಾತಿಯ ದೊಡ್ಡ ಪ್ರಾಣಿ ಹೊಡೆಯಲು ಹೋದರೆ, ಗಾಯಗೊಂಡದ್ದನ್ನು ಹುಡುಕಲು ತರಬೇತಿ ಆದ ನಾಯಿ ಎರಡು ಗಂಟೆಯೊಳಗೆ ಆ ಜಾಗಕ್ಕೆ ಬರುವ ಏರ್ಪಾಡು ಇರಲೇಬೇಕು. ಕಾನೂನೇ ಹಾಗಿದೆ. ನಾರ್ವೆಯಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವವರು ವರ್ಷ ವರ್ಷವೂ ಗುರಿ ಪರೀಕ್ಷೆ ಪಾಸು ಮಾಡಬೇಕು. ಬೇಟೆಗೆ ಅನುಮತಿ ಕೊಟ್ಟ ದೇಶಗಳೇ ಇಷ್ಟು ಕಟ್ಟುನಿಟ್ಟು ಮಾಡಿಕೊಂಡಿವೆ ಅನ್ನುವುದನ್ನು ನಮ್ಮ ಹುಡುಗರು ಗಮನಿಸಬೇಕು.

ನಾಯಿ ಅಂದಾಗ ನನಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೆನಪಾಗುತ್ತದೆ. ಹತ್ತನೇ ಶತಮಾನದ್ದು. ಕಾಳಿ ಅನ್ನುವ ನಾಯಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಆ ಕಾಳಗವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಸಿಟ್ಟಿಗೆದ್ದ ಹಂದಿಯ ಮೇಲೆ ನಾಯಿ ಬಿಟ್ಟರೆ ಏನಾಗುತ್ತದೆ ಅಂತ ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದೆ.

ಹೊಲದ ಬದುವಿನಲ್ಲಿ ಉರುಲು ಹಾಕಿದರೆ ಯಾರಿಗೂ ತೊಂದರೆ ಇಲ್ಲ ಅಂತಾರಲ್ಲ?

ನಾನು ಈ ಇಡೀ ಬರಹದಲ್ಲಿ ಕೈಮುಗಿದು ಕೇಳಿಕೊಳ್ಳುವುದು ಒಂದಿದ್ದರೆ ಅದು ಇದೇ. ಉರುಲು ಹಾಕಬೇಡಿ. ಗುಂಡು ಹಾಕುವವನು ಎದುರಿಗಿರುವುದು ಯಾವ ಪ್ರಾಣಿ ಅಂತ ನೋಡಿಯಾದರೂ ಹಾಕುತ್ತಾನೆ. ತಂತಿಗೆ ಅದೂ ಗೊತ್ತಿಲ್ಲ. ಬೈಕಿನ ಕ್ಲಚ್ ವೈರಿನ ಉರುಲು ಹಂದಿಗೆ ಅಂತ ಹಾಕಿದ್ದು, ಸಿಕ್ಕಿದ್ದು ಕರಡಿಯ ಸೊಂಟ. ಎಳೆದಷ್ಟೂ ಬಿಗಿಯುತ್ತದೆ. ರಾತ್ರಿಯೆಲ್ಲ ಎಳೆದು ಚರ್ಮ ದಾಟಿ ಮಾಂಸಕ್ಕೆ ಇಳಿದಿತ್ತು. ಅದರ ಕೂಗು ಊರಿಗೆ ಕೇಳುತ್ತಿತ್ತು. ಡಾಕ್ಟರು ಮದ್ದು ಕೊಟ್ಟು ಬಿಡಿಸಿದರು, ಆದರೂ ಅದು ಉಳಿಯಲಿಲ್ಲ. ಹಂದಿ ಬಾಯಿಗೆ ಅಂತ ಇಟ್ಟ ಸಿಡಿಮದ್ದನ್ನು ಆಕಳು ಕಚ್ಚಿದ್ದನ್ನೂ ನೋಡಿದ್ದೇನೆ. ಅದರ ಬಗ್ಗೆ ಬರೆಯಲು ಕೈ ಬರುವುದಿಲ್ಲ.

ಸಂಡೂರು ತಾಲ್ಲೂಕಿನ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಮಾಡಿದ್ದಾರೆ. ಆದರೆ ಕರಡಿ ಧಾಮದ ಗಡಿ ನೋಡಿ ನಡೆಯುವುದಿಲ್ಲ. ಬೋರೆ ಹಣ್ಣು, ಗೆದ್ದಲು ಹುಡುಕಿ ನಮ್ಮ ಹೊಲದ ತನಕ ಬರುತ್ತದೆ. ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದ ತೋಳಗಳೂ ಅಷ್ಟೇ.

ಗಾಯಗೊಂಡ ಪ್ರಾಣಿ ಕಂಡರೆ ನಾನೇನು ಮಾಡಬೇಕು?

ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ಸಹಾಯವಾಣಿ 1926. ಸಿಗದಿದ್ದರೆ 112. ದೂರದಲ್ಲೇ ನಿಲ್ಲಿ. ನಾಯಿಗಳನ್ನು ಕಟ್ಟಿ. ಮಕ್ಕಳನ್ನು ಮನೆಗೆ ಕಳಿಸಿ. ಮೊಬೈಲಿನಲ್ಲಿ ಹತ್ತಿರದಿಂದ ವಿಡಿಯೋ ತೆಗೆಯಲು ಹೋಗಿ ಕಚ್ಚಿಸಿಕೊಂಡವರಿದ್ದಾರೆ. ನೀರು ಕುಡಿಸಲು ಹೋಗಬೇಡಿ. ಉರುಲಿನಲ್ಲಿದ್ದರೆ ತಂತಿ ಕತ್ತರಿಸಬೇಡಿ. ಬಿಡಿಸಿಕೊಂಡ ಚಿರತೆ ಮೊದಲು ತಿರುಗುವುದು ಬಿಡಿಸಿದವನ ಮೇಲೆ. ಸೊಂಟದಲ್ಲಿ ತಂತಿ ಉಳಿದುಕೊಂಡೇ ಓಡಿಹೋದರೆ ಅದು ನಿಧಾನಕ್ಕೆ ಸಾಯುತ್ತದೆ.

ಮರೆಯಾದರೆ ಎಷ್ಟು ಗಂಟೆಗೆ, ಎತ್ತ, ಯಾವ ಕಾಲು ಎಳೆಯುತ್ತಿತ್ತು ಅಂತ ಬರೆದಿಟ್ಟುಕೊಳ್ಳಿ. ಬಂದವರಿಗೆ ಅದೇ ಅರ್ಧ ಕೆಲಸ.

ಅದು ನರಳೋದನ್ನ ನೋಡೋಕಾಗಲ್ಲ. ನಾವೇ ಮುಗಿಸಿಬಿಟ್ಟರೆ ಪುಣ್ಯ ಅಲ್ವಾ?

ಈ ಪ್ರಶ್ನೆ ಕೇಳುವವರ ಮನಸ್ಸು ಒಳ್ಳೆಯದು. ಆದರೆ ಆ ತೀರ್ಮಾನ ನಮ್ಮದಲ್ಲ. ಚೇತರಿಸಿಕೊಳ್ಳಲಾರದಷ್ಟು ಗಾಯ ಆಗಿದೆಯಾ ಅಂತ ಡಾಕ್ಟರು ನೋಡಬೇಕು, ಕಾಯ್ದೆಯ ಪ್ರಕಾರ ಲಿಖಿತ ಆದೇಶ ಆಗಬೇಕು. ನಾವು ಸಾಯುತ್ತದೆ ಅಂದುಕೊಂಡ ಚಿಗರಿ ಸಂಜೆಗೆ ಎದ್ದು ಹೋದದ್ದನ್ನು ಎರಡು ಸಲ ನೋಡಿದ್ದೇನೆ. ಕೊಡಲಿ ಏಟು ಸರಿಯಾಗಿ ಬೀಳದೆ ನೋವು ಎರಡು ಪಟ್ಟಾದದ್ದನ್ನೂ ನೋಡಿದ್ದೇನೆ.

ಮೈಮೇಲೆ ಬಂದರೆ ಹೊಡೆಯಬಾರದಾ?

ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಲು, ಬೇರೆ ದಾರಿ ಇಲ್ಲದೆ ಪ್ರಾಣಿಯನ್ನು ಕೊಂದರೂ ಗಾಯ ಮಾಡಿದರೂ ಅಪರಾಧ ಆಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನೀವೇ ಕಾಯ್ದೆ ಮುರಿಯುತ್ತಿದ್ದರೆ, ಅಂದರೆ ಬೇಟೆಗೇ ಹೋಗಿದ್ದರೆ, ಈ ರಕ್ಷಣೆ ಇಲ್ಲ. ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಕೂಡಲೇ ತಿಳಿಸಬೇಕು.

ಕಚ್ಚಿದರೆ, ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ನೇರ ಆಸ್ಪತ್ರೆಗೆ ಹೋಗಿ. ರೇಬಿಸ್ ಮತ್ತು ಧನುರ್ವಾಯು ಚುಚ್ಚುಮದ್ದು ಬೇಕು. ಅರಿಶಿನ, ಸುಣ್ಣ ಮೆತ್ತಬೇಡಿ.

ಹೊಲದಲ್ಲಿ ತಾನಾಗಿ ಸತ್ತ ಹಂದಿಯ ಮಾಂಸ?

ಬೇಡ. ಅದೂ ಸರ್ಕಾರದ ಸ್ವತ್ತು, ಮನೆಯಲ್ಲಿ ಸಿಕ್ಕರೆ ಕೇಸು. ಕಾಡುಹಂದಿಯ ಮಾಂಸದಲ್ಲಿ ಜಂತು ಇರುತ್ತವೆ. ಯಾವ ಕಾಯಿಲೆಯಿಂದ, ಯಾವ ವಿಷದಿಂದ ಸತ್ತಿತೋ ನಮಗೆ ಗೊತ್ತಾಗುವುದಿಲ್ಲ.

ನನ್ನ ಮಗಳಿಗೆ ಜಾಡು ನೋಡೋದು ಕಲಿಸಬೇಕು. ಎಲ್ಲಿಂದ ಶುರು ಮಾಡಲಿ?

ಈ ಪ್ರಶ್ನೆ ಹೋದ ವರ್ಷ ಮೊದಲ ಸಲ ಬಂತು. ಬಹಳ ಖುಷಿಯಾಯಿತು.

ಮನೆಯ ಮೇಕೆಯಿಂದ ಶುರು ಮಾಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ ಎರಡನೇ ದಿನ ಬದಿಯ ಕೆಸರು ಹದವಾಗಿರುತ್ತದೆ. ಮೇಕೆಯನ್ನು ಅದರ ಮೇಲೆ ನಡೆಸಿ, ಆಮೇಲೆ ಓಡಿಸಿ. ನಡೆದ ಹೆಜ್ಜೆಗೂ ಓಡಿದ ಹೆಜ್ಜೆಗೂ ಇರುವ ವ್ಯತ್ಯಾಸ ಅವಳೇ ಕಂಡುಹಿಡಿಯಲಿ, ನೀವು ಹೇಳಬೇಡಿ. ಮರುದಿನ ಅದೇ ಹೆಜ್ಜೆಯನ್ನು ಮತ್ತೆ ನೋಡಲಿ, ಅಂಚು ಎಷ್ಟು ಉದುರಿದೆ, ಒಳಗೆ ಧೂಳು ಎಷ್ಟು ಕೂತಿದೆ ಅಂತ. ಮೂರನೇ ದಿನವೂ ನೋಡಲಿ. ಹಳೆಯ ಹೆಜ್ಜೆ ಯಾವುದು, ಹೊಸದು ಯಾವುದು ಅಂತ ವಾರದೊಳಗೆ ಕಣ್ಣಿಗೆ ತಿಳಿಯುತ್ತದೆ. ಆಮೇಲೆ ಒಂದು ಮೇಕೆಯನ್ನು ಹಿಂಡಿನಿಂದ ಬಿಡಿಸಿ ಒಯ್ದು ಜಾಲಿ ಸಾಲಿನ ಆಚೆ ಕಟ್ಟಿ. ಅವಳು ಹೆಜ್ಜೆ ಹಿಡಿದು ಹೋಗಿ ಬಿಚ್ಚಿಕೊಂಡು ಬರಲಿ.